ಎಂಟು ಸಲ ಅದೇ ಕ್ಷೇತ್ರ

ನಮಸ್ಕಾರ, ಕೇಳುಗರೆ. ಹುಬ್ಬಳ್ಳಿಯಲ್ಲಿ ದೈಹಿಕ ಶಿಕ್ಷಣದ ಮಾಸ್ತರರಾಗಿದ್ದ ಬಸವರಾಜ ಹೊರಟ್ಟಿಯವರು ವಿಧಾನ ಪರಿಷತ್ತಿಗೆ ಮೊದಲ ಸಲ ಆರಿಸಿ ಬಂದದ್ದು 1980ರಲ್ಲಿ. ಎಂಟನೆಯ ಸಲ ಗೆದ್ದದ್ದು 2022ರಲ್ಲಿ. ನಡುವೆ ಒಂದು ಚುನಾವಣೆಯನ್ನೂ ಸೋತಿಲ್ಲ. ಕ್ಷೇತ್ರವೂ ಅದೇ: ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ಸೇರಿದ ಪಶ್ಚಿಮ ಶಿಕ್ಷಕರ ಕ್ಷೇತ್ರ.

ಈ ಗೆಲುವಿನ ತೂಕ ತಿಳಿಯಬೇಕಾದರೆ ಆ ಚುನಾವಣೆ ನಡೆಯುವ ಬಗೆ ಗೊತ್ತಿರಬೇಕು. ಪರಿಷತ್ತಿನ 75 ಸ್ಥಾನಗಳಲ್ಲಿ ಶಿಕ್ಷಕರ ಪಾಲು ಏಳೇ ಏಳು. ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಇಲ್ಲಿ ಮತವಿಲ್ಲ. ಪ್ರೌಢಶಾಲೆ ಅಥವಾ ಅದಕ್ಕೂ ಮೇಲಿನ ಸಂಸ್ಥೆಯಲ್ಲಿ, ಹಿಂದಿನ ಆರು ವರ್ಷಗಳೊಳಗೆ ಒಟ್ಟು ಮೂರು ವರ್ಷ ಪಾಠ ಮಾಡಿದವರು ಮಾತ್ರ ಮತದಾರರು. ಮುಖ್ಯೋಪಾಧ್ಯಾಯರ ಇಲ್ಲವೇ ಪ್ರಾಂಶುಪಾಲರ ಪ್ರಮಾಣಪತ್ರ ಲಗತ್ತಿಸಿ, ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅರ್ಜಿಯಾದ ನಮೂನೆ 19 ಕೊಡಬೇಕು. ಹಲವರು ಎಡವುವುದು ಇಲ್ಲೇ. ಹಿಂದಿನ ಸಲ ಹೆಸರಿತ್ತು, ಈ ಸಲವೂ ಇರುತ್ತದೆ ಎಂದುಕೊಂಡು ಸುಮ್ಮನಾಗುತ್ತಾರೆ. ಆದರೆ ಪ್ರತಿ ಚುನಾವಣೆಗೂ ಪಟ್ಟಿ ಹೊಸದಾಗಿಯೇ ತಯಾರಾಗುತ್ತದೆ. ಅಂದಮೇಲೆ ಅಭ್ಯರ್ಥಿ ಆರು ವರ್ಷಕ್ಕೊಮ್ಮೆ ಶಾಲೆ ಶಾಲೆಗೆ ಮತ್ತೆ ಹೋಗಲೇಬೇಕು. ನಿವೃತ್ತಿಯಾದವರ ಜಾಗಕ್ಕೆ ಬಂದ ಹುಡುಗರಿಗೂ ತನ್ನ ಗುರುತು ಹೇಳಬೇಕು.

ಇನ್ನು ಮತಪತ್ರ. ಚುನಾವಣಾ ಅಧಿಕಾರಿ ಕೊಟ್ಟ ನೇರಳೆ ಸ್ಕೆಚ್ ಪೆನ್ನಿನಿಂದಲೇ ಮೆಚ್ಚಿನ ಅಭ್ಯರ್ಥಿಯ ಹೆಸರಿನ ಮುಂದೆ 1 ಎಂದು ಬರೆಯಬೇಕು. ಕನ್ನಡದ ಅಂಕಿಯೂ ನಡೆಯುತ್ತದೆ. ಬೇಕಿದ್ದರೆ ಉಳಿದವರಿಗೆ 2, 3. ಉತ್ತರಪತ್ರಿಕೆ ತಿದ್ದಿದ ಅಭ್ಯಾಸದಲ್ಲಿ ಸರಿ ಗುರುತು ಹಾಕಿದರೆ, 'ಒಂದು' ಎಂದು ಅಕ್ಷರದಲ್ಲಿ ಬರೆದರೆ, ಇಬ್ಬರಿಗೆ 1 ಕೊಟ್ಟರೆ, ಸಹಿ ಮಾಡಿದರೆ ಮತ ತಿರಸ್ಕೃತ. ಸಿಂಧುವಾದ ಮತ 10,000 ಇದ್ದರೆ ಗೆಲ್ಲಲು 5,001 ಬೇಕು. ಯಾರಿಗೂ ಅಷ್ಟು ಬರದಿದ್ದರೆ ಕೊನೆಯವರನ್ನು ಕೈಬಿಟ್ಟು, ಅವರ ಮತಪತ್ರಗಳಲ್ಲಿನ ಎರಡನೆಯ ಆಯ್ಕೆಯನ್ನು ಎಣಿಸುತ್ತಾರೆ. ಹಾಗಾಗಿ ಎದುರಾಳಿಯ ಬೆಂಬಲಿಗರ ಮನಸ್ಸಿನಲ್ಲೂ ಒಂದಿಷ್ಟು ಜಾಗ ಬೇಕಾಗುತ್ತದೆ.

ಇಂಥ ಪರೀಕ್ಷೆಯನ್ನು ಎಂಟು ಸಲ ಪಾಸು ಮಾಡುವುದು ಬರೀ ಅಲೆಯಿಂದ ಆಗುವ ಮಾತಲ್ಲ. ಕನ್ನಡ ಮಾಧ್ಯಮಕ್ಕೆಂದು ಅನುಮತಿ ಪಡೆದು ಇಂಗ್ಲಿಷಿನಲ್ಲಿ ಪಾಠ ಹೇಳುತ್ತಿದ್ದ ಶಾಲೆಗಳ ಮಾನ್ಯತೆ 2006ರಲ್ಲಿ ರದ್ದಾದಾಗ ಶಿಕ್ಷಣ ಸಚಿವರಾಗಿದ್ದವರು ಇವರೇ. ಖಾಸಗಿ ಶಾಲೆಗಳ ಶಿಕ್ಷಕರೂ ತಮ್ಮ ಮತದಾರರೇ ಆಗಿರುವಾಗ ಅಂಥ ಕ್ರಮಕ್ಕೆ ನಿಲ್ಲುವುದು ಸಲೀಸಲ್ಲ. ನಮ್ಮ ಲೆಕ್ಕದಲ್ಲಿ ಅವರ ದೊಡ್ಡ ಕೆಲಸ ಅದು. ಬಹುಕಾಲ ಜನತಾ ಪರಿವಾರದಲ್ಲಿದ್ದ ಅವರು 2022ರಲ್ಲಿ ಸಭಾಪತಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಭಾರತೀಯ ಜನತಾ ಪಕ್ಷ ಸೇರಿದ್ದನ್ನು ಒಪ್ಪದವರೂ ಇದ್ದಾರೆ. ಶಿಕ್ಷಕರು ಮಾತ್ರ ಪಕ್ಷಕ್ಕಿಂತ ಪರಿಚಯವನ್ನೇ ನೆಚ್ಚಿಕೊಂಡರು. ಅದೇ ಡಿಸೆಂಬರಿನಲ್ಲಿ, ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ, ಪರಿಷತ್ತು ಅವರನ್ನು ಅವಿರೋಧವಾಗಿ ಮತ್ತೆ ಸಭಾಪತಿಯ ಪೀಠದಲ್ಲಿ ಕೂರಿಸಿತು.