ಕೀಬೋರ್ಡ್ ನೋಡದೆ ಟೈಪಿಂಗ್: ಮೊದಲ ಪಾಠ ವೇಗದ್ದಲ್ಲ

ಪರದೆ ಮೇಲೆ ಈಗ ಕೀಬೋರ್ಡು ಹತ್ತಿರದಿಂದ ಕಾಣ್ತಿದೆ. ಎಫ್ ಮತ್ತು ಜೆ ಕೀಗಳ ಮೇಲೆ ಒಂದೊಂದು ಸಣ್ಣ ಉಬ್ಬು ಇದೆ, ಗಮನಿಸಿ. ಎಡಗೈ ತೋರುಬೆರಳು ಎಫ್ ಮೇಲೆ, ಬಲಗೈದು ಜೆ ಮೇಲೆ ಇಡಿ. ಉಳಿದವು ಪಕ್ಕಪಕ್ಕದಲ್ಲೇ ಕೂರ್ತವೆ: ಎಡಗಡೆ ಎ, ಎಸ್, ಡಿ, ಎಫ್, ಬಲಗಡೆ ಜೆ, ಕೆ, ಎಲ್, ಸೆಮಿಕೋಲನ್. ಇದೇ ಹೋಮ್ ರೋ. ಹೆಬ್ಬೆರಳು ಸ್ಪೇಸ್ ಬಾರ್‌ಗೆ.

ಮೊಣಕೈ ಸುಮಾರು 90 ಡಿಗ್ರಿ ಮಡಚಿರಲಿ, ಮಣಿಕಟ್ಟು ನೇರ ಇರಲಿ. ಕೀಬೋರ್ಡಿನ ಹಿಂದೆ ಮಡಚೋ ಕಾಲುಗಳಿದ್ರೆ ಅವನ್ನ ಎತ್ತಬೇಡಿ. ಎತ್ತಿದ್ರೆ ಮಣಿಕಟ್ಟು ಹಿಂದಕ್ಕೆ ಬಾಗುತ್ತೆ. ಅಂಗೈಯನ್ನ ಮೇಜಿಗೆ ಊರಿಕೊಂಡು ಟೈಪ್ ಮಾಡಿದ್ರೆ ಕಿರುಬೆರಳು ಪ್ರತಿ ಸಲ ಅಡ್ಡಡ್ಡ ಚಾಚಬೇಕು, ಬೇಗ ನೋಯುತ್ತೆ.

ಇನ್ನು ಬೆರಳುಗಳ ಪಾಲು. ತೋರುಬೆರಳುಗಳ ಮೇಲೆ ಹೊರೆ ಹೆಚ್ಚು, ಒಂದೊಂದಕ್ಕೆ ಆರು ಅಕ್ಷರ. ಎಡದ್ದಕ್ಕೆ ಆರ್, ಟಿ, ಎಫ್, ಜಿ, ವಿ, ಬಿ. ಬಲದ್ದಕ್ಕೆ ಯು, ವೈ, ಜೆ, ಎಚ್, ಎಂ, ಎನ್. ನಡುಬೆರಳು, ಉಂಗುರಬೆರಳು ತಮ್ಮ ಹೋಮ್ ಕೀ, ಅದರ ಮೇಲಿನದು, ಕೆಳಗಿನದು ಇಷ್ಟನ್ನೇ ನೋಡ್ಕೊಳ್ತವೆ. ಕಿರುಬೆರಳಿಗೂ ಹಾಗೇ, ಅದರ ಜೊತೆಗೆ ಶಿಫ್ಟ್, ಬಲಗಡೆ ಎಂಟರ್, ಬ್ಯಾಕ್‌ಸ್ಪೇಸ್ ಕೂಡ ಅದರದ್ದೇ. ಸಾಲುಗಳು ಒಂದರ ಮೇಲೊಂದು ನೇರ ಇಲ್ಲ, ಓರೆಯಾಗಿವೆ; ಹಳೇ ಟೈಪ್‌ರೈಟರ್‌ನ ಲಿವರ್‌ಗಳಿಗೆ ಜಾಗ ಬಿಡೋಕೆ ಮಾಡಿದ್ದು ಹಾಗೇ ಉಳ್ಕೊಂಡಿದೆ. ಹಾಗಾಗಿ ಎರಡೂ ಕೈಗಳಲ್ಲಿ ಮೇಲೆ ಹೋಗುವಾಗ ಬೆರಳು ಸ್ವಲ್ಪ ಎಡಕ್ಕೆ, ಕೆಳಗೆ ಬರುವಾಗ ಸ್ವಲ್ಪ ಬಲಕ್ಕೆ ಸರಿಯಬೇಕು. ಎಡಗೈಗೆ ಇದು ಸಹಜ ಅನ್ಸಲ್ಲ. ಎಕ್ಸ್, ಸಿ ಕೀಗಳಿಗೆ ಬೆರಳು ತಪ್ಪಿಹೋಗೋದು ಬಹುಪಾಲು ಅದಕ್ಕೇ.

ಕೆಳಗೆ ನೋಡೋ ಚಟ ಬಿಡಿಸೋಕೆ ಕೀಗಳಿಗೆ ಸ್ಟಿಕ್ಕರ್ ಅಂಟಿಸಬೇಕಿಲ್ಲ. ಕೀಬೋರ್ಡಿನ ಚಿತ್ರವೊಂದನ್ನ ಪರದೆ ಪಕ್ಕ, ಕಣ್ಣಿನ ಎತ್ತರಕ್ಕೆ ಇಟ್ಕೊಳ್ಳಿ. ಮರೆತಾಗ ಅದನ್ನ ನೋಡಿ, ಕೈಯನ್ನಲ್ಲ. ತೀರಾ ಕಷ್ಟವಾದ್ರೆ ಕೈ ಮೇಲೊಂದು ತೆಳು ಬಟ್ಟೆ ಹೊದಿಸಿ. ಈ ವಿದ್ಯೆ ಹೊಸದೇನಲ್ಲ: 1888ರಲ್ಲಿ ಸಿನ್ಸಿನಾಟಿಯಲ್ಲಿ ನಡೆದ ಟೈಪಿಂಗ್ ಪಂದ್ಯದಲ್ಲಿ ಫ್ರಾಂಕ್ ಮೆಕ್‌ಗರಿನ್ ಕೀಗಳನ್ನ ನೋಡದೇ ಟೈಪ್ ಮಾಡಿ ಗೆದ್ದಿದ್ದ.

ಅಭ್ಯಾಸ ದಿನಕ್ಕೆ ಎರಡು ಸಲ, ಸಲಕ್ಕೆ 15 ನಿಮಿಷ ಸಾಕು. ರಜಾದಿನ ಒಂದೇ ಸಮ ಎರಡು ಗಂಟೆ ಕೂತ್ರೆ ಕೊನೆಕೊನೆಗೆ ದಣಿದ ಬೆರಳು ತಪ್ಪನ್ನೇ ರೂಢಿ ಮಾಡ್ಕೊಳ್ಳುತ್ತೆ. ಮೊದಲು ಹೋಮ್ ರೋ, ಆಮೇಲೆ ಇ ಮತ್ತು ಐ, ನಂತರ ಮೇಲಿನ ಸಾಲಿನ ಉಳಿದವು, ಕೆಳಸಾಲು ಕೊನೆಗೆ. ಕೀಬಿಆರ್ ಎಂಬ ತಾಣ ಕೆಲವೇ ಅಕ್ಷರಗಳಿಂದ ಶುರುಮಾಡಿ, ಅವು ಕೈಗೆ ಹತ್ತಿದ ಮೇಲಷ್ಟೇ ಹೊಸದನ್ನ ಸೇರಿಸುತ್ತೆ. ಆರಂಭಕ್ಕೆ ನನ್ನ ಆಯ್ಕೆ ಅದೇ. ಮಂಕಿಟೈಪ್ ಅನ್ನೋ ಇನ್ನೊಂದು ಟೈಪಿಂಗ್ ತಾಣ ಎರಡನೇ ಹಂತಕ್ಕೆ ಇರಲಿ.

ವೇಗದ ಲೆಕ್ಕದಲ್ಲಿ ಒಂದು ಪದ ಅಂದ್ರೆ ಸ್ಪೇಸೂ ಸೇರಿ ಐದು ಒತ್ತು. ನಿಮಿಷಕ್ಕೆ 30 ಪದ ಅಂದ್ರೆ 150 ಒತ್ತು. ನಿಖರತೆ ಶೇ. 95 ಅಂದ್ರೆ ಚೆನ್ನಾಗಿದೆ ಅನ್ಸುತ್ತೆ ಅಲ್ವಾ? ಇಪ್ಪತ್ತು ಒತ್ತಿಗೆ ಒಂದು ತಪ್ಪು, ಅಂದ್ರೆ ಪ್ರತಿ ನಾಲ್ಕು ಪದಕ್ಕೊಂದು. ಒಂದೊಂದು ತಪ್ಪಿಗೂ ತಪ್ಪೊತ್ತು, ಬ್ಯಾಕ್‌ಸ್ಪೇಸ್, ಸರಿಯೊತ್ತು, ಹೀಗೆ ಒಂದರ ಜಾಗಕ್ಕೆ ಮೂರು. ಮೇಲಾಗಿ ಲಯ ಕೆಡುತ್ತೆ. ಶೇ. 98ಕ್ಕಿಂತ ಕೆಳಗಿಳಿದ್ರೆ ವೇಗ ತಗ್ಗಿಸಿ, ಬೇರೆ ಮಾತೇ ಬೇಡ.

ತಪ್ಪುಗಳನ್ನ ಎಣಿಸಿದ್ರೆ ಸಾಲದು, ಯಾವ ಥರದ್ದು ಅಂತ ನೋಡಿ. ಇ ಬದಲು ಐ, ಡಿ ಬದಲು ಕೆ ಬಿದ್ರೆ ಬೆರಳು ಸರಿ ಇದೆ, ಕೈ ಅದಲುಬದಲಾಗಿದೆ. ಅದಲುಬದಲಾಗೋ ಆ ಎರಡೂ ಅಕ್ಷರ ಬರೋ ಪದಗಳನ್ನ ನಿಧಾನಕ್ಕೆ ಒತ್ತಿ. ಟಿ, ಎಚ್, ಇ ಅನ್ನೋ ಪದ ಟಿ, ಇ, ಎಚ್ ಆಗ್ತಿದ್ರೆ ಬಲಗೈ ಬರೋ ಮೊದಲೇ ಎಡಗೈ ಓಡ್ತಿದೆ. ಸಮ ತಾಳದಲ್ಲಿ ಒತ್ತಿದ್ರೆ ಸರಿಹೋಗುತ್ತೆ. ಸಾಲಿಗೆ ಸಾಲೇ ಅರ್ಥವಿಲ್ಲದ ಅಕ್ಷರ ಬಂದ್ರೆ ಕೈ ಒಂದು ಕೀ ಪಕ್ಕಕ್ಕೆ ಜಾರಿದೆ ಅಂತ. ವಾಕ್ಯದ ಮೊದಲ ಎರಡು ಅಕ್ಷರ ದೊಡ್ಡದಾಗಿ ಬಂದ್ರೆ ಶಿಫ್ಟ್ ಬಿಡೋದು ತಡವಾಗ್ತಿದೆ. ಎಡಗೈ ಅಕ್ಷರಕ್ಕೆ ಬಲ ಶಿಫ್ಟ್, ಬಲಗೈ ಅಕ್ಷರಕ್ಕೆ ಎಡ ಶಿಫ್ಟ್; ಒಂದೇ ಕೈಯಲ್ಲಿ ಎರಡನ್ನೂ ಮಾಡೋಕೆ ಹೋದ್ರೆ ಬೆರಳುಗಳೆಲ್ಲ ಜಾಗ ಬಿಡ್ತವೆ.

ಎರಡು ಬೆರಳಲ್ಲಿ ಈಗಾಗಲೇ ಚುರುಕಾಗಿ ಟೈಪ್ ಮಾಡೋರಿಗೆ ಇದು ಹೊಸಬರಿಗಿಂತ ಕಷ್ಟ, ಯಾಕಂದ್ರೆ ಮೊದಲಿದ್ದ ವೇಗ ಕುಸಿಯುತ್ತೆ, ಕೆಲಸ ಮಾತ್ರ ಕಾಯಲ್ಲ. ನಿಮಿಷಕ್ಕೆ 20 ಪದ ದಾಟೋವರೆಗೂ ಅವಸರದ ಕೆಲಸವನ್ನ ಹಳೇ ರೀತಿಲೇ ಮುಗಿಸಿ. ಗೆಳೆಯರಿಗೆ ಕಳಿಸೋ ಸಂದೇಶ, ಹುಡುಕಾಟದ ಪದಗಳು ಇವನ್ನ ಹೊಸ ರೀತಿಲಿ ಒತ್ತಿ. 20 ದಾಟಿದ ಮೇಲೆ ಎಲ್ಲವನ್ನೂ ಬದಲಿಸಿ, ಪಾಸ್‌ವರ್ಡ್ ಒಂದನ್ನ ಬಿಟ್ಟು. ಅದರಲ್ಲಿ ಅಂಕಿ, ಚಿಹ್ನೆ, ಶಿಫ್ಟ್ ಎಲ್ಲ ಇರ್ತವೆ, ಒತ್ತಿದ್ದು ಪರದೆ ಮೇಲೆ ಚುಕ್ಕಿಯಾಗಷ್ಟೇ ಕಾಣುತ್ತೆ. ನಾಲ್ಕೈದು ಸಲ ತಪ್ಪಿದ್ರೆ ಖಾತೆ ಲಾಕ್ ಆಗೋದೂ ಉಂಟು.