ಕೊಹಿಮಾದಲ್ಲಿ ಮೊದಲು ಮೇಲಕ್ಕೆ ಹತ್ತಿ

ನಮಸ್ಕಾರ. ಡಿಸೆಂಬರ್ ಬಂತೆಂದರೆ ಹಾರ್ನ್‌ಬಿಲ್ ಉತ್ಸವಕ್ಕೆ ನಾಗಾಲ್ಯಾಂಡಿಗೆ ಹೊರಡುವವರು ನಮ್ಮಲ್ಲೂ ಇದ್ದಾರೆ. ಹೋದವರು ಕೊಹಿಮಾ ನಗರದ ನಡುವೆಯೇ ಇರುವ, ಎರಡನೇ ಮಹಾಯುದ್ಧದಲ್ಲಿ ಮಡಿದವರ ಯುದ್ಧ ಸ್ಮಶಾನಕ್ಕೂ ಒಂದು ಸುತ್ತು ಹಾಕುತ್ತಾರೆ. ಆ ಸುತ್ತು ಹಾಕುವ ಬಗೆಯ ಮೇಲೇ ನನ್ನ ತಕರಾರು.

ಕೆಳಗೆ ಬ್ರಿಟಿಷ್ ಎರಡನೇ ಡಿವಿಜನ್ನಿನ ಸ್ಮಾರಕಶಿಲೆ. ‘ನಿಮ್ಮ ನಾಳೆಗಾಗಿ ನಮ್ಮ ಇಂದನ್ನು ಕೊಟ್ಟೆವು’ ಎಂಬರ್ಥದ ಆ ಪ್ರಸಿದ್ಧ ಸಾಲಿನ ಮುಂದೆ ಒಂದು ಫೋಟೊ. (ಆ ಬಂಡೆಯನ್ನು ಬೆಟ್ಟಕ್ಕೆ ಎಳೆದು ತಂದವರು ನಾಗಾ ಜನ. ಅದು ಯಾವ ಫೋಟೊದಲ್ಲೂ ಕಾಣುವುದಿಲ್ಲ.) ಆಮೇಲೆ ಟೆನಿಸ್ ಕೋರ್ಟ್. 1944ರ ಏಪ್ರಿಲ್‌ನಲ್ಲಿ ಡೆಪ್ಯುಟಿ ಕಮಿಷನರ್ ಬಂಗಲೆಯ ಈ ಅಂಗಳದ ಒಂದು ಬದಿಗೆ ಜಪಾನಿ ಸೈನಿಕರು, ಇನ್ನೊಂದು ಬದಿಗೆ ಬ್ರಿಟಿಷ್ ಮತ್ತು ಭಾರತೀಯ ಸೈನಿಕರು. ನಡುವೆ ಕೈಬಾಂಬ್ ಎಸೆಯುವಷ್ಟು ದೂರ, ಅಷ್ಟೇ. ಕೋರ್ಟಿನ ಗೆರೆಗಳನ್ನು ಬಿಳಿ ಕಾಂಕ್ರೀಟಿನಲ್ಲಿ ಇಂದಿಗೂ ಉಳಿಸಿದ್ದಾರೆ. ಕಥೆ ರೋಚಕವಾಗಿದೆ, ಒಪ್ಪಿದೆ. ಆದರೆ ಅದನ್ನು ಕೇಳಿ ಮುಗಿಸಿದವರು ವಾಪಸ್ ಕಾರಿನತ್ತ ನಡೆಯುತ್ತಾರೆ.

ಇಲ್ಲಿ 1,420 ಸಮಾಧಿಗಳಿವೆ. ಗಿಡ್ಡ ಕಲ್ಲಿನ ಮೇಲೆ ಕಂಚಿನ ಫಲಕ: ಹುದ್ದೆ, ಹೆಸರು, ರೆಜಿಮೆಂಟ್, ತೀರಿಕೊಂಡ ದಿನ, ವಯಸ್ಸು. ಎಷ್ಟೋ ಫಲಕಗಳ ಕೊನೆಗೆ ಮನೆಯವರು ಆರಿಸಿ ಕಳಿಸಿದ ಒಂದು ಸಾಲು. ಅಧಿಕಾರಿಗೂ ಸಿಪಾಯಿಗೂ ಒಂದೇ ಅಳತೆಯ ಕಲ್ಲು. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಈ ನಿಯಮ ನನಗೆ ನಿಜಕ್ಕೂ ಇಷ್ಟ.

ಸ್ಮಶಾನದ ತುತ್ತತುದಿಯಲ್ಲಿ ಇನ್ನೊಂದು ಸ್ಮಾರಕವಿದೆ. ತಮ್ಮ ಧರ್ಮದಂತೆ ದಹನಗೊಂಡ 917 ಹಿಂದೂ ಮತ್ತು ಸಿಖ್ ಸೈನಿಕರ ಹೆಸರುಗಳು ಅಲ್ಲಿವೆ. ಸುಟ್ಟ ದೇಹಕ್ಕೆ ಸಮಾಧಿ ಇರುವುದಿಲ್ಲ, ಅದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ವಯಸ್ಸಿಲ್ಲದ, ತಾಯಿಯ ಒಂದು ಮಾತೂ ಇಲ್ಲದ ಸಾಲುಸಾಲು ಹೆಸರುಗಳ ಮುಂದೆ ಪ್ರವಾಸಿಯ ಕಾಲು ನಿಲ್ಲುವುದಿಲ್ಲ. ಕೆಳಗಿನವರಿಗೆ ಕಥೆ ಸಿಕ್ಕಿತು, ಮೇಲಿನವರಿಗೆ ಪಟ್ಟಿ ಸಿಕ್ಕಿತು.

ಹೆಸರಾದರೂ ಇದೆಯಲ್ಲ ಎನ್ನುತ್ತೀರಾ? ಮೊದಲ ಮಹಾಯುದ್ಧದಲ್ಲಿ ಮಡಿದ ಕನಿಷ್ಠ 1,16,000 ಮಂದಿಯನ್ನು, ಹೆಚ್ಚಾಗಿ ಆಫ್ರಿಕಾ ಮತ್ತು ಮಧ್ಯಪ್ರಾಚ್ಯದ ರಣರಂಗಗಳಲ್ಲಿ ಸತ್ತವರನ್ನು, ಹೆಸರಿಟ್ಟು ಸ್ಮರಿಸಲೇ ಇಲ್ಲವೆಂದು ಇದೇ ಆಯೋಗದ 2021ರ ವರದಿ ಒಪ್ಪಿಕೊಂಡಿತು. ಆ ಲೆಕ್ಕದಲ್ಲಿ ಕೊಹಿಮಾದ ಗೋಡೆ ದೊಡ್ಡದೇ. ಓದುವವರು ಬೇಕು, ಅಷ್ಟೆ.

ಆದ್ದರಿಂದ ಈ ಬಾರಿ ಹೋಗುವವರು ನೇರವಾಗಿ ಮೇಲಕ್ಕೆ ಹತ್ತಿ, ಹತ್ತು ಹೆಸರನ್ನಾದರೂ ಗಟ್ಟಿಯಾಗಿ ಓದಿ. ಟೆನಿಸ್ ಕೋರ್ಟನ್ನು ಇಳಿಯುವಾಗ ನೋಡಿದರಾಯಿತು.