ಮಕ್ಕಳ ನೋಟುಪುಸ್ತಕದಲ್ಲಿ ಉಳಿದ ಐರಿಷ್ ಹಳ್ಳಿಗಳು

ಕೇಳುಗರಿಗೆ ನಮಸ್ಕಾರ.

ಐರ್ಲೆಂಡಿನ ಬೇಸಾಯದ ಮನೆತನವೊಂದು ತನ್ನ ಹಿರಿಯರನ್ನು ಹುಡುಕಿಕೊಂಡು ಹೊರಟರೆ, ದಾಖಲೆಯ ದಾರಿ ಬಹುಬೇಗ ಮುಚ್ಚಿಹೋಗುತ್ತದೆ. 1922ರ ಜೂನ್ 30ರಂದು, ಅಂತರ್ಯುದ್ಧದ ಮೊದಲ ಕಾಳಗದಲ್ಲಿ, ಡಬ್ಲಿನ್ನಿನ ದಾಖಲೆ ಭವನ ಹೊತ್ತಿ ಉರಿದು, 1821ರಿಂದ 1851ರವರೆಗಿನ ಜನಗಣತಿಯ ಹಾಳೆಗಳಲ್ಲಿ ಬಹುಪಾಲು ಬೂದಿಯಾದವು. ಮುಂದಿನ ನಾಲ್ಕು ಗಣತಿಗಳ ಮನೆಪಟ್ಟಿಗಳನ್ನು ಸರ್ಕಾರವೇ ಅದಕ್ಕೂ ಮೊದಲು ನಾಶ ಮಾಡಿಸಿತ್ತು. ಉಳಿದ ದೊಡ್ಡ ಆಸರೆಯೆಂದರೆ 19ನೆಯ ಶತಮಾನದ ನಡುವೆ ರಿಚರ್ಡ್ ಗ್ರಿಫಿತ್ ನಡೆಸಿದ ಜಮೀನಿನ ಮೌಲ್ಯಮಾಪನ. ಅದರಲ್ಲಿ ಗೇಣಿದಾರನ ಹೆಸರಿದೆ, ಜಮೀನ್ದಾರನ ಹೆಸರಿದೆ, ವಿಸ್ತೀರ್ಣವಿದೆ. ಗೇಣಿದಾರನ ಮಕ್ಕಳಿಗೆ ಅಲ್ಲಿ ಜಾಗವಿಲ್ಲ.

ಆ ಹಳ್ಳಿಗಳ ನೆನಪನ್ನು ಬರೆದಿಟ್ಟವರು ಶಾಲೆಯ ಮಕ್ಕಳು ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ. 1937ರಿಂದ 1939ರವರೆಗೆ, ಐರಿಷ್ ಜಾನಪದ ಆಯೋಗದ ಕೋರಿಕೆಯಂತೆ, 26 ಜಿಲ್ಲೆಗಳ ಸುಮಾರು 5,000 ಪ್ರಾಥಮಿಕ ಶಾಲೆಗಳ ಹಿರಿಯ ತರಗತಿಗಳ ಮಕ್ಕಳು ಪ್ರಬಂಧದ ಪಾಠದ ಬದಲು ಮನೆಯ ಮತ್ತು ನೆರೆಹೊರೆಯ ಹಿರಿಯರ ಮಾತನ್ನು ಕೇಳಿ ಬರೆದರು. ಪವಿತ್ರ ಬಾವಿಗಳು, ಹೊಲಗಳ ಹೆಸರುಗಳು, ಹೂತಿಟ್ಟ ನಿಧಿ, ನೇಗಿಲು ಸೋಕಿಸಬಾರದ ದುಂಡನೆಯ ಮಣ್ಣಿನ ಕೋಟೆಗಳು ಎಲ್ಲವೂ ಅಲ್ಲಿವೆ.

ಬೆಣ್ಣೆ ಕಡೆಯುವ ಮಾತನ್ನೇ ನೋಡಿ. ಕಡೆಯುತ್ತಿರುವ ಹೊತ್ತಿಗೆ ಯಾರೇ ಒಳಗೆ ಬರಲಿ, ಕಡೆಗೋಲಿಗೆ ಕೈ ಹಚ್ಚದೆ ಹೋಗುವಂತಿರಲಿಲ್ಲ. ಹೋದರೆ ಮನೆಯ ಬೆಣ್ಣೆಯೂ ಅವರ ಹಿಂದೆಯೇ ಹೋಗುತ್ತದೆಂಬ ಅಂಜಿಕೆ. ಚಿಲುಮೆ ಹೊತ್ತಿಸಲು ಬಂದ ನೆರೆಯವನಿಗೂ ಬೆಣ್ಣೆ ತೇಲುವವರೆಗೆ ಕೆಂಡವನ್ನು ಹೊಸ್ತಿಲು ದಾಟಿಸಲು ಬಿಡುತ್ತಿರಲಿಲ್ಲ. ಇದನ್ನು ಬರಿಯ ಮೂಢನಂಬಿಕೆಯೆಂದು ತಳ್ಳಿಹಾಕಲು ನನಗೆ ಮನಸ್ಸಾಗದು. ಒಂದೆರಡು ಹಸುಗಳ ಹಾಲಿನ ಬೆಣ್ಣೆ ಮಾರಿ ಗೇಣಿ ತೀರಿಸಬೇಕಾಗಿದ್ದ ಮನೆಯಲ್ಲಿ ಆ ಕಡೆಯುವ ಗಡಿಗೆ ಕೆಟ್ಟರೆ ಸಂಸಾರವೇ ಅಲುಗಾಡುತ್ತಿತ್ತು.

1845ರಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಆರಂಭವಾದ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ದೇಶ ಬಿಟ್ಟರು. 1937ರಲ್ಲಿ 80 ವರ್ಷದವರಾಗಿದ್ದವರು ಅದನ್ನು ಕಂಡವರಲ್ಲ, ಆದರೆ ಬದುಕಿ ಉಳಿದವರ ಮಡಿಲಲ್ಲಿ ಬೆಳೆದವರು. ಯಾವ ಹೊಲದಲ್ಲಿ ಮನೆಗಳಿದ್ದವು, ಯಾವ ಮನೆಯವರು ಹಡಗು ಹತ್ತಿದರು ಎಂಬುದನ್ನು ಅವರು ಬೆರಳಿಟ್ಟು ತೋರಿಸಬಲ್ಲವರಾಗಿದ್ದರು.

ಆ ಮಕ್ಕಳು ಎಷ್ಟೋ ಬರಹಗಳ ಕೊನೆಯಲ್ಲಿ ಹೇಳಿದವರ ಹೆಸರು, ವಯಸ್ಸು ಮತ್ತು ಊರನ್ನು ದುಂಡಗಿನ ಅಕ್ಷರಗಳಲ್ಲಿ ಬರೆದಿದ್ದಾರೆ. ಗ್ರಿಫಿತ್ತನ ಪಟ್ಟಿಯಲ್ಲಿ ಜಾಗ ಸಿಗದಿದ್ದ ಮಗುವೊಂದು ಅಲ್ಲಿ ಅಜ್ಜಿಯಾಗಿ, ತನ್ನ ಸ್ವಂತ ಹೆಸರಿನಿಂದಲೇ ಕಾಣಿಸಿಕೊಳ್ಳುತ್ತದೆ.